ಕದಡು

ಮಡಿಕೇರಿಯ ಲ್ಯಾಬಿನಲ್ಲಿ
ಗಿರಗಿರ ತಿರುಗಿ ನಿಂತ ಯಂತ್ರದಿಂದ ಎತ್ತಿದ ನಳಿಕೆ:
ಅಡಿಯಲ್ಲಿ ಕೆಂಪು,
ಮೇಲೆ ತುಡುವೆ ಜೇನಿನಂಥ ತಿಳಿ.

ಕಣ್ಣಿಗೇನೂ ಇಲ್ಲ ಅದರಲ್ಲಿ.
ಕಾಗದದ ಮೇಲೆ ಮಾತ್ರ ಒಂದು ಅಂಕಿ,
ಇರಬೇಕಾದ್ದರ ಮೂರು ಪಟ್ಟು.

"ರಕ್ತನಾಳದ ಒಳಗೋಡೆ ಸವೆದರೆ, ದೇಚವ್ವ,
ಅದರ ಪ್ರೋಟೀನು ಕಳಚಿ
ರಕ್ತದಲ್ಲಿ ತೇಲುತ್ತೆ..."
ಇಷ್ಟು ಹೇಳಿ ತಡವರಿಸಿದೆ.

ಕಾಲಿನ ನೇರಳೆ ಚುಕ್ಕಿಗಳ ಮೇಲೆ
ಸೀರೆ ಎಳೆದುಕೊಂಡು ಆಕೆ ಅಂದಳು:
"ಗುಡ್ಡ ಜಾರುವ ಮೊದಲು ಮೂರು ದಿನ
ನಮ್ಮ ತೋಡಿನ ನೀರು ಕೆಂಪಗಿತ್ತು.
ಮಳೆಗೆ ಕದಡಿದೆ ಅಂದುಕೊಂಡೆವು.
ಬಟ್ಟೆಯಲ್ಲಿ ಸೋಸಿ
ಕುಡಿದೆವು."

ಸುಮ್ಮನಾದಳು.
ಆಮೇಲೆ ಹತ್ತಿ ಒತ್ತಿದ್ದ ತೋಳನ್ನೇ
ಮತ್ತೆ ಚಾಚಿ,
"ಬೇಕಿದ್ದರೆ ಇನ್ನಷ್ಟು ತೆಗೆದುಕೋ ಮಗಾ,
ಗುಡ್ಡ ಇನ್ನೂ ನಿಂತೇ ಇದೆಯಲ್ಲಾ."