ಎಡತೋಳು

ಮತ್ರಾದ ಗುಡ್ಡಗಳು ಹಗಲಿಡೀ ಕುಡಿದ ಬಿಸಿಲನ್ನು
ಸಂಜೆ ಏಳಕ್ಕೇ ಮರೆತುಬಿಟ್ಟಿವೆ. ಜನವರಿ.
ರಿಯಾಮ್ ತೋಟದ ಬಾಗಿಲಲ್ಲಿ ಮಕ್ಕಳಿಗೆಲ್ಲ ಉಣ್ಣೆಟೊಪ್ಪಿಗೆ,
ನನಗೂ ಒಂದು ಹಳೆ ಸ್ವೆಟರು.
ನೀಲಗಂಗಾ ನಗುತ್ತಾಳೆ:
"ಇದಕ್ಕ ಥಂಡಿ ಅಂತೀರೇನ್ರಿ? ನಮ್ಮ ಬೆಟಗೇರ್ಯಾಗ
ಎಳ್ಳಮಾಸಿ ಮುಂಜಾನಿ ಬಂದು ನಿಂದರ್ರಿ."

ಹನ್ನೊಂದು ವರ್ಷಕ್ಕೆ ಮೊದಲ ಸಲ ಬಂದಿದ್ದಾಳೆ.
ತಿಂಗಳ ವೀಸಾ, ಇಪ್ಪತ್ತೆರಡು ದಿನ ಖರ್ಚಾಗಿದೆ.
ಜೊತೆಗೆ ನಡೆಯುವುದು ನಮಗೆ ರೂಢಿಯಿಲ್ಲ:
ನಾನು ನಾಲ್ಕು ಹೆಜ್ಜೆ ಹೋಗಿ ನಿಲ್ಲುತ್ತೇನೆ,
ಅವಳು ಬಂದು ಕೂಡುವಷ್ಟರಲ್ಲಿ ಮತ್ತೆ ನಾಲ್ಕು,
ಕಚ್ಚಾ ಹೊಲಿಗೆ ಹಾಕಿದ ಹಾಗೆ.

ಬಂಡೆಯ ಊರಿಗೆ ಹೂವು ಲಾರಿಯಲ್ಲಿ ಬರುತ್ತದೆ.
ಪೆಟೂನಿಯಾ, ಚೆಂಡುಹೂ, ಹೆಸರು ಗೊತ್ತಿಲ್ಲದ ಬಿಳಿಯದೊಂದು.
ಅವಳು ಬಗ್ಗಿ, ಕಪ್ಪು ಕೊಳವೆ ಎತ್ತಿ ನೋಡಿ
"ಹನಿ ಲೆಕ್ಕಾ ಹಾಕಿ ಕುಡಸ್ತಾರ" ಅಂದಳು.
ಎದ್ದು ನಿಂತು, ಮಗ್ಗದ ಮುಂದೆ ನಿಂತವಳಂತೆ ಕಣ್ಣು ಕಿರಿದು ಮಾಡಿ,
"ಗೋಮಿ ದಡಿ ಚಲೋ ಹಾಕ್ಯಾರ. ಸೆರಗು ಮರ್ತಾರ."

ಗುಡ್ಡದ ನೆತ್ತಿಯಲ್ಲಿ ಮನೆಗಿಂತ ದೊಡ್ಡ ಧೂಪದಾನಿ.
"ಅಷ್ಟು ಹೊಗಿ ಯಾರ ಮುಂದ ಹಿಡೀತಾರ್ರಿ?"
ಕಾವಲು ಗೋಪುರಕ್ಕೂ ಹಬ್ಬದ ದೀಪ ಸುತ್ತಿದ್ದಾರೆ;
ಬಂದೂಕಿನ ಕಿಂಡಿಗಳಿಂದ ಗುಲಾಬಿ ಬೆಳಕು.
ಬೇವಿನ ಮರ ಮಾತ್ರ ದೀಪದ ಸರವನ್ನು
ಬೇಡದ ಒಡವೆಯಂತೆ ತೊಟ್ಟು ನಿಂತಿದೆ.

ಆಮೇಲೆ ಕೇಳಿದಳು, ಹನ್ನೊಂದು ವರ್ಷ ಯಾರೂ ಕೇಳದ್ದನ್ನು:
"ಇಷ್ಟ್ ಮಂದ್ಯಾಗ ನೀವು ಹೊಲದದ್ದು ಯಾವುದ್ರಿ?"

ಈ ಊರಿನ ಮುಖಗಳು ನನಗೆ ನೆನಪಿರುವುದಿಲ್ಲ.
ಕೊರಳು ಹದಿನಾರೂವರೆ, ಬೆನ್ನು ಸ್ವಲ್ಪ ಗೂನು,
ಕುಚ್ಚು ಬಲಕ್ಕೆ, ಎರಡೆಳೆ ಉದ್ದ.
ಹೀಗೆ ಗುರುತು.
ಹುಡುಕಿದೆ. ಕಡಾಯಿಯಲ್ಲಿ ಹಲ್ವಾ ತಿರುವುವವನದು ಸಿದ್ಧ ಉಡುಪು.
ಡೋಲು ಬಡಿಯುವ ನಾಲ್ವರೂ ಬೇರೆ ಅಂಗಡಿಯ ಗಿರಾಕಿಗಳು.
ಜೋಕಾಲಿಯ ಹತ್ತಿರ, ಮೊಮ್ಮಗಳನ್ನು ತೂಗುತ್ತ, ಖಲ್ಫಾನ್.
"ಅಗೋ, ಆ ಬೂದಿ ಬಣ್ಣದ್ದು."

ಅವಳು ನೇರ ನಡೆದುಬಿಟ್ಟಳು. ನಾನು ಹಿಂದೆ.
ಹತ್ತು ಅಡಿ ದೂರದಲ್ಲಿ ನಿಂತು, ಮೇಲಿಂದ ಕೆಳಗೆ ನೋಡಿ,
ನನ್ನ ಕಿವಿಗೆ:
"ಎಡತೋಳು ಒಂದು ಬೆರಳು ಗಿಡ್ಡ ಆಗೇತಿ.
ರೊಕ್ಕ ಪೂರ್ತಿ ತಗೊಂಡ್ರಿಲ್ಲೋ?"

"ತಡಿ. ಕೈ ಇಳಿಸಲಿ."

ಮಗು ಕುಪ್ಪಳಿಸಿ ಓಡಿತು. ಮುದುಕ ಕೈ ಇಳಿಸಿದ.
ಎರಡೂ ತೋಳು ಒಂದೇ ಗೆರೆಗೆ ಬಂದು ನಿಂತವು.
ಸಿದಾಬಿನ ದಂಡೆಯಲ್ಲಿ ನಲವತ್ತು ವರ್ಷ ಬಲೆ ಎಳೆದ ಭುಜ,
ಎಡಗಡೆ ಜಾರಿದೆ. ಅವನು ಹೇಳಿರಲಿಲ್ಲ,
ನಾನೂ ಕೇಳಿರಲಿಲ್ಲ. ಟೇಪು ಹೇಳಿತ್ತು.

ನೀಲಗಂಗಾ ಏನೂ ಅನ್ನಲಿಲ್ಲ.

"ಯಾ ಖಯ್ಯಾತ್!" ಅವನು ನನ್ನನ್ನು ಕಂಡ.
ಅವಳ ಕಡೆ ತಿರುಗಿ ಎದೆಯ ಮೇಲೆ ಕೈಯಿಟ್ಟ;
ಕೊರಳ ಕುಚ್ಚಿನಿಂದ ಅತ್ತರು ನಮ್ಮವರೆಗೂ ಬಂತು.
ಬೇಡವೆಂದರೂ ಬಿಡದೆ ಕಾಗದದ ತಟ್ಟೆಯಲ್ಲಿ ಬಿಸಿ ಹಲ್ವಾ.
ಅವಳು ಕನ್ನಡದಲ್ಲೇ ಅಂದಳು, "ತುಪ್ಪ ಭಾಳಾತು."
ಅವನು ಅರಬ್ಬಿಯಲ್ಲೇ ಒಪ್ಪಿಕೊಂಡ.

ಸಮುದ್ರದ ಕಡೆಯ ಬೆಂಚಿಗೆ ಬಂದು ಕೂತೆವು.
ಬೆರಳಿಗೆ ಅಂಟು. ಅದಕ್ಕೆ ಮುಂಗೈಯಿಂದ
ನನ್ನ ಬೆನ್ನನ್ನು ಈ ತುದಿಯಿಂದ ಆ ತುದಿಗೆ ಒತ್ತಿ ನೋಡಿದಳು.
"ನಿಮ್ದೂ ಬಲಭುಜ ಇಳದೈತಿ. ಯಾವಾಗಿಂದ?"
ಗೊತ್ತಿಲ್ಲ. ಮಶೀನಿನ ಮುಂದೆ ಕನ್ನಡಿ ಇರುವುದಿಲ್ಲ.
ಈ ಸ್ವೆಟರು ಅವಳೇ ಹೆಣೆದದ್ದು,
ನಾನು ಹೊರಟ ವರ್ಷ, ಆಗಿನ ಅಳತೆಗೆ.

"ನಾಳೆ ಬಿಚ್ಚತೇನಿ" ಅಂದಳು,
ದಂಡೆಯಲ್ಲಿ ದೀಪ ಹಚ್ಚಿಕೊಂಡ ದೋಣಿಗಳನ್ನು ನೋಡುತ್ತ.
"ಎಂಟ್ ದಿನದಾಗ ಪೂರಾ ಆಗಂಗಿಲ್ಲ.
ಒಂದು ತೋಳು ಆಗ್ತೈತಿ."