ಅಂಗಿ

ಗುಳೇದಗುಡ್ಡಕ್ಕ ಸಿನಿಮಾದವರು ಬಂದಾಗ
ನನಗ ಒಂಬತ್ತೋ ಹತ್ತೋ.
ಬಡತನದ ಕತಿಯಂತ, ಒಬ್ಬ ಹುಡುಗ ಬೇಕಂತ.
ಸಾಲಿ ಅಂಗಳದಾಗ ಸಾಲಿಗೆ ನಿಲ್ಲಿಸಿ
ಗದ್ದ ಎತ್ತಿ ಎತ್ತಿ ನೋಡಿದರು,
ಸಂತ್ಯಾಗ ಹೋರಿಯ ಹಲ್ಲು ನೋಡಿದಂಗ.
ನನ್ನ ಸರದಿ ಬಂದಾಗ ನಗು ತಡೀಲಿಲ್ಲ:
ಅವರ ಕರಿ ಕನ್ನಡಕದಾಗ ಇಬ್ಬರು ಹುಚ್ಚೇಶ,
ಇಬ್ಬರದೂ ಮೂಗು ಸೊಟ್ಟ.
'ಇವನು ನಗ್ತಾನೆ, ಬೇಡ.'
ತಿರುಗಿ ಹೊಂಟವನ ಬೆನ್ನಿಗೆ ಮತ್ತೊಂದು ದನಿ:
'ಏಯ್, ನಿಲ್ಲೋ. ಆ ಅಂಗಿ ಕೊಡ್ತೀಯಾ?'

ಬೆನ್ನಮ್ಯಾಲೆ ಅವ್ವ ಹಚ್ಚಿದ ತ್ಯಾಪಿ,
ಮಗ್ಗದಾಗ ಉಳಿದ ಖಣದ ತುಂಡು.
ಕುಂಕುಮದ ಬಣ್ಣ, ಮೂಲ್ಯಾಗ ಅರ್ಧ ಕಳಸ,
ಇನ್ನರ್ಧ ಯಾರ ಕುಪ್ಪಸಕ್ಕ ಹೋತೋ.
ನೂರು ರೂಪಾಯಿ, ಮ್ಯಾಲೊಂದು ಹೊಸ ಬನಿಯನ್ನು.
ಅವ್ವ ಕೇಳಿದ್ದು ಒಂದೇ: 'ಒಗದು ಕೊಡ್ಲೇನ್ರಿ?'
ಬೇಡ ಬೇಡ, ಕೊಳೆ ಹಂಗೇ ಇರಲಿ ಅಂದರು.
ಆಕಿಗದು ತಿಳೀಲೇ ಇಲ್ಲ.
ವಾರಗಟ್ಟಲೆ ಓಣಿಯವರ ಮುಂದ ಹಲುಬಿದಳು,
'ಹೊಲಸ ಅಂಗಿ ಕೊಟ್ಟೀನವ್ವ, ಏನಂದಾರೋ.'

ಆ ನೂರು ಹನ್ನೊಂದು ದಿನ ಉಂಡಿವಿ.
ಹನ್ನೆರಡಕ್ಕ ಮತ್ತ ಅಂಬಲಿ, ಅದೂ ಕಡಾ.
ಅಕ್ಕ ಸಾವಂತ್ರಿ ಕಂಡಿಕಿ ಸುತ್ತತಾ ಸುತ್ತತಾ
ಕುಂತಲ್ಲೇ ತೂಕಡಿಸಿದರ
ರಾಟಿ ನಿಂತ ಸದ್ದಿಗೆ ಮಗ್ಗದ ಕುಣಿಯಿಂದ ಅವ್ವ ಎದ್ದು
ತನ್ನ ಪಾಲಿನ ರೊಟ್ಟಿ ಮುರಿದು
ನಿದ್ದಿಗಣ್ಣಿನ ಬಾಯಾಗ ಇಡತಿದ್ದಳು.
ಅಕ್ಕ ಕಣ್ಣು ಮುಚ್ಚೇ ಅಗಿಯತಿದ್ದಳು.

ಸಿನಿಮಾ ನಮ್ಮೂರ ಟಾಕೀಜಿಗೆ ಬರಲಿಲ್ಲ.
ಮೂರು ವರ್ಷಕ್ಕ, ಒಂದು ರವಿವಾರ ಮಧ್ಯಾಹ್ನ,
ಸಾವುಕಾರರ ಟೀವಿಯಾಗ ಬಂತು.
ಹೊಸ್ತಿಲ ಹೊರಗ ಕುಂತು ನೋಡಿದಿವಿ.
ಗಲ್ಲಕ್ಕ ಮಸಿ ಬಳಕೊಂಡ ಚಂದನ ಹುಡುಗ,
ಹಸಿವಾದಾಗೊಮ್ಮೆ ಮುಗಿಲು ನೋಡತಿದ್ದ,
ಎಲ್ಲಿಂದಲೋ ಕೊಳಲು ಕೇಳತಿತ್ತು.
ನಾವು ಮುಗಿಲು ನೋಡಿದವರಲ್ಲ,
ಯಾರ ಮನಿ ಹೊಗಿ ಎದ್ದೈತಿ ಅಂತ ನೋಡಿದವರು.

ಕರಿಬಿಳಿ ಟೀವಿ. ತ್ಯಾಪಿಯ ಕುಂಕುಮ ಬೂದಿಯಾಗಿತ್ತು.
ಕಡೀಕ ಅವ ಗುಡಿಯ ಕಟ್ಟಿಮ್ಯಾಲೆ ಬೋರಲ ಬಿದ್ದು ಸತ್ತ.
ಸತ್ತ ಮ್ಯಾಲೂ ಬಾಳ ಹೊತ್ತು
ಬೆನ್ನನ್ನೇ ತೋರಿಸಿದರು.
ಒಳಗ ಎಲ್ಲಾರೂ ಅತ್ತರು.
ಸಾವುಕಾರ್ತಿ ಸೆರಗಿನಿಂದ ಕಣ್ಣು ಒರಸಿಕೊಂಡಳು;
ಆ ವಾರದ ನಮ್ಮ ಮಜೂರಿ
ಅದೇ ಸೆರಗಿನ ಗಂಟಿನಾಗಿತ್ತು.

ನನ್ನ ಅಂಗಿಯೊಳಗ ಯಾವನೋ ಸತ್ತಿದ್ದ.
ನಾನು ಹೊರಗಿದ್ದೆ, ಮಾಸಿದ ಬನಿಯನ್ನಿನಾಗ,
ಮೂಗು ಸೊಟ್ಟ ಇಟ್ಟುಕೊಂಡು.
ಅವ್ವನ ಕೈ ಬಂದು ನನ್ನ ಬೆನ್ನು ತಡವಿತು,
ತ್ಯಾಪಿ ಇದ್ದ ಜಾಗ, ಎರಡು ಸಲ.
ಅಳಲಿಲ್ಲ ಆಕಿ. ಕಿವಿಯಾಗ ಅಂದಳು:
'ನೋಡು, ಹೊಲಿಗಿ ಬಿಚ್ಚಿಲ್ಲ.'

ಮನಿ ಮುಟ್ಟೂತನಕ ಮತ್ತ ಮಾತಿಲ್ಲ.
ಕದ ದೂಡಿ, ದೀಪ ಹಚ್ಚಿ,
ಕುಣಿಯೊಳಗ ಕಾಲು ಇಳಿಬಿಟ್ಟ ಮ್ಯಾಲೆ,
'ಆದ್ರೂ ಒಗದು ಕೊಡಬೇಕಿತ್ತು.
ಊರೆಲ್ಲ ನೋಡ್ತು.'