ಹೆಚ್ಚಿದ ಬಳೆ

ಗುಳೇದಗುಡ್ಡದ ಸಂತೆಪೇಟೆಯ ತಿರುವಿಗೆ ನಮ್ಮಂಗಡಿ.
ಮೂರು ಮೊಳ ಅಗಲ. ಒಳಗೆ ಇಬ್ಬರೇ ಹಿಡಿಸುತ್ತೇವೆ,
ನಾನು, ದಾದಿಮಾ.
ಉಳಿದದ್ದೆಲ್ಲ ಗಾಜು.

ಮುಂಜಾನೆ ಹಲಗೆ ಒಂದೊಂದೇ ಸರಿಸಿದ ಹಾಗೆ
ಬಿಸಿಲು ಬಣ್ಣಗಳನ್ನು ಎಬ್ಬಿಸುತ್ತದೆ:
ಮೊದಲು ಗಿಳಿಹಸಿರು, ಆಮೇಲೆ ಉಳ್ಳಾಗಡ್ಡಿ ಸಿಪ್ಪೆಯದು,
ಮೂಲೆಯ ಕಪ್ಪು ಮಾತ್ರ
ರಜೆಯಲ್ಲಿ ಮಲಗಿದ ಹುಡುಗಿ, ಕೊನೆಗೇ ಏಳುವುದು.

ಜೈತೂನಬಿ ಮಣಿಯಾರ, ನಮ್ಮ ದಾದಿಮಾ,
ಕೈ ಹಿಡಿದು ಕಣ್ಣು ಮುಚ್ಚುತ್ತಾಳೆ.
ಹೆಬ್ಬೆರಳ ಬುಡ ಒತ್ತಿ, "ಎರಡೂ ನಾಕು" ಅನ್ನುತ್ತಾಳೆ,
"ಎರಡೂ ಆರು ಕೊಟ್ಟರ ನೀರು ಸೇದೂಮುಂದ
ಬಾವ್ಯಾಗ ಬೀಳ್ತಾವ ನೋಡವಾ."
ಖಣ ನೇಯುವ ಕೈ ಬೇರೆ, ಶೇಂಗಾ ಕೀಳುವ ಕೈ ಬೇರೆ.
ಗೆಣ್ಣು ಬಲಿತ ಕೈಗೆ ಸಾಬೂನು ಹಚ್ಚಿ,
ಅದರ ಮೇಲೆ ಮಾತು ಹಚ್ಚಿ,
ಮಗಳು ಯಾವ ಊರಿಗೆ ಕೊಟ್ಟಿ ಅಂತ ಕೇಳಿ
ಊರಿನ ಹೆಸರು ಬರುವಷ್ಟರಲ್ಲಿ
ಬಳೆ ಗೆಣ್ಣು ದಾಟಿರುತ್ತದೆ.

ಒಮ್ಮೊಮ್ಮೆ ಟಕ್ ಅನ್ನುತ್ತದೆ.

ಆರು ವರ್ಷದವಳು ನಾನು, ಒಡೀತು ಅಂದಿದ್ದೆ.
ಅವಳು ಎರಡು ಬೆರಳು ನನ್ನ ತುಟಿಗಿಟ್ಟಳು.
"ಹಂಗನಬಾರದು. ಬಳಿ ಒಡಿಯೂದಿಲ್ಲ, ಹೆಚ್ಚತಾವ."
ನಾನು ಎಣಿಸಿದೆ. ಒಂದು ಇತ್ತು, ನಾಲ್ಕಾಗಿದೆ.
ಲೆಕ್ಕ ಸರಿಯಾಗಿಯೇ ಇತ್ತು.

ಅವಳ ಮುತ್ತಜ್ಜನ ಅಜ್ಜ
ಮಲಪ್ರಭೆಯ ದಂಡೆಗೆ ಕುಲುಮೆ ಹೂಡಿದ್ದನಂತೆ.
ಹೆಸರು ಯಾರಿಗೂ ನೆನಪಿಲ್ಲ, ಅವನ ಹಸಿರು ನೆನಪಿದೆ.
ಸವಳು ನೆಲದ ಬಿಳಿಪುಡಿ ಕೆರೆದು,
ಹೊಳೆಯ ಉಸುಕು ಏಳು ನೀರಲ್ಲಿ ತೊಳೆದು,
ತೂತುಬಿದ್ದ ಬೋಗುಣಿಯ ಕಿಲುಬು ಒಂದು ಚಿಟಿಕೆ,
ಜಾಲಿ ಕಟ್ಟಿಗೆಗೆ ಎರಡು ಹಗಲು, ಎರಡು ರಾತ್ರಿ.
ಜೇನಿನ ಹಾಗೆ ಇಳಿಯುವುದನ್ನು ಸಲಾಕೆಗೆ ಹಿಡಿದು
ಮಣ್ಣಿನ ಗೂಟದ ಮೇಲೆ ತಿರುವಿದರೆ
ಒಂದು ಉಸಿರಿಗೆ ಒಂದು ಬಳೆ.
"ರೆಪ್ಪಿಗೆ ಕೂದಲಾ ಇರತಿರಲಿಲ್ಲ ಅವರಿಗೆ," ಅನ್ನುತ್ತಾಳೆ,
ತಾನೇ ನೋಡಿದವಳ ಹಾಗೆ. "ಕಣ್ಣು ಮಾತ್ರ ಭಾಳ ಚಂದ."

ಈಗ ಪೆಟ್ಟಿಗೆ ಬರುವುದು ಫಿರೋಜಾಬಾದಿನಿಂದ,
ಹುಲ್ಲಿನಲ್ಲಿ ಮಲಗಿ, ಎರಡು ರೈಲು, ಒಂದು ಟಂಟಂ ಹತ್ತಿ.
ದಾದಿಮಾ ಮೊದಲು ಹುಲ್ಲು ಮೂಸುತ್ತಾಳೆ.
ಆ ಊರು ಕಂಡವಳಲ್ಲ, ಆ ಊರಿನವರ ಮಾತೂ ಪೂರ್ತಿ ತಿಳಿಯದು.
"ಅಲ್ಲೂ ಯಾರದೋ ರೆಪ್ಪಿ ಸುಟ್ಟಾವ,"
ಅಂದು ಪೆಟ್ಟಿಗೆಗೆ ಒಮ್ಮೆ ಕೈ ಮುಟ್ಟಿಸಿ ಹಣೆಗೊತ್ತುತ್ತಾಳೆ.
ಇಷ್ಟು ದೊಡ್ಡ ದೇಶ
ಅವಳಿಗೆ ಸಂಬಂಧಿಕರಾಗಿದ್ದು ಹೀಗೆ.

ಹೋದ ಶ್ರಾವಣದಲ್ಲಿ ಬಸಲಿಂಗವ್ವ ಕಳೆ ತೆಗೆಯುವಾಗ
ಹೊಲದಲ್ಲಿ ಒಂದು ಮಣಿ ಸಿಕ್ಕಿತು, ಜೋಳದ ಕಾಳಿನಷ್ಟು, ನೀಲಿ.
ಧಾರವಾಡದ ಕಾಲೇಜಿನ ಹುಡುಗನೊಬ್ಬ ಅದನ್ನು
ಹತ್ತಿಯಲ್ಲಿ ಸುತ್ತಿಕೊಂಡು ನಮ್ಮಂಗಡಿಗೆ ಬಂದ, ಹಿಂದೆ ಬಸಲಿಂಗವ್ವ.
ಸಾವಿರ ವರ್ಷ ಇರಬಹುದು, ಎರಡು ಸಾವಿರವೂ ಇರಬಹುದು ಅಂದ,
ಧ್ವನಿ ತಗ್ಗಿಸಿ, ಮಣಿ ಎಚ್ಚರಾದೀತು ಎಂಬಂತೆ.
ದಾದಿಮಾ ಬೆಳಕಿಗೆ ಹಿಡಿದಳು. ತಿರುಗಿಸಿದಳು. ನಕ್ಕಳು.
"ಒಳಗ ಗುಳ್ಳಿ ಉಳದೈತಿ ನೋಡು. ಅವಸರ ಮಾಡ್ಯಾನ.
ಊಟಕ್ಕ ಬಾ ಅಂತ ಮನಿಯವರು ಒದರಿರಬೇಕು."

ನಾನೂ ನೋಡಿದೆ.
ಸಾಸಿವೆಗಿಂತ ಸಣ್ಣದು ಗುಳ್ಳೆ,
ಅದರೊಳಗೆ ಆ ದಿನದ ಗಾಳಿ.
ಕಟ್ಟಿಗೆಯ ಹೊಗೆ ಇದ್ದೀತು, ರೊಟ್ಟಿ ಬಡಿಯುವ ಸಪ್ಪಳವೂ
ಇನ್ನೂ ಹೊರಗೆ ಬರದೆ ಕೂತಿದ್ದೀತು.

ಹುಡುಗ ಪುಸ್ತಕದಲ್ಲಿ ಬರೆದುಕೊಂಡ: ಗುಳ್ಳೆ, ಒಂದು.

ಬಸಲಿಂಗವ್ವ ಮಣಿ ವಾಪಸ್ ಕೇಳಲಿಲ್ಲ.
ಒಂದು ಡಜನ್ ಹಸಿರು ಕೊಡಸಪಾ ಅಂದಳು.
ಹುಡುಗ ರೊಕ್ಕ ಎಣಿಸಿದ, ದಾದಿಮಾ ಕೈ ಹಿಡಿದಳು,
ಕಣ್ಣು ಮುಚ್ಚಿದಳು, ಸಾಬೂನು, ಮಾತು,
ಹನ್ನೊಂದು ಸರಿಯಾಗಿ ಏರಿದವು.
ಹನ್ನೆರಡನೆಯದು ಟಕ್ ಅಂದಿತು.

"ಅಯ್ಯೋ, ಒಡೀ..." ಅಂದ ಹುಡುಗ.

ದಾದಿಮಾ ಎರಡು ಬೆರಳು ಎತ್ತುವ ಮೊದಲೇ
ನಾನು ಎತ್ತಿದ್ದೆ.